ದೊರೆಯ ಮಗನಿಗೆ ಹೆಣ್ಣು ಕೊಟ್ಟದ್ದು

ನಮ್ಮ ದೊರೆ ಇಂಗ್ಲೆಂಡಿನ ಪಾರ್ಲಿಮೆಂಟಿಗೆ ಆರಿಸಿ ಬಂದ ಸುದ್ದಿಯನ್ನು ನಾನು ಓದಿದ್ದು ಮೂಡುಬಿದಿರೆಯ ವಾಚನಾಲಯದಲ್ಲಿ, ಹಳೆಯ ಇಂಗ್ಲಿಷ್ ಪೇಪರೊಂದರ ಒಳಪುಟದಲ್ಲಿ. ಆಗ ನಾನು ಅಲ್ಲಿನ ಶಾಲೆಗೆ ಹೊಸ ಮಾಸ್ತರ. ಆ ಶನಿವಾರ ಬಂಟ್ವಾಳಕ್ಕೆ ಹೋಗಿ ಹೇಳಿದಾಗ ಅಮ್ಮ ಹಿತ್ತಿಲಲ್ಲಿ ಮೀನು ಹಸನು ಮಾಡುತ್ತಿದ್ದವಳು ಕೈ ನಿಲ್ಲಿಸಿ, "ಇನ್ನು ದೊರೆಗಳು ಈ ಕಡೆ ಬರ್ತಾರಾ?" ಎಂದು ಕೇಳಿದಳು. ಗೆದ್ದವರಿಗೆ ಎಲ್ಲಿಯ ಪುರುಸೊತ್ತು, ಸೋತರೆ ಬಂದಾನು ಎಂದು ನಾನು ನಕ್ಕೆ. ಅವಳು ನಗಲಿಲ್ಲ.

ಬಂಟ್ವಾಳದಲ್ಲಿ ಆಗ ದೊರೆ ಎಂದರೆ ಅವನೊಬ್ಬನೇ. ಮಂಗಳೂರಿನ ಯಾವುದೋ ಕಂಪೆನಿಗೆ ಗುಮಾಸ್ತನಾಗಿ ಹಡಗಿನಿಂದ ಇಳಿದವನು ಕೆಲವೇ ವರ್ಷಗಳಲ್ಲಿ ಪಾಣೆಮಂಗಳೂರಿನ ಹೊಳೆಬದಿಯಲ್ಲಿ ಸ್ವಂತದ ಹಂಚಿನ ಕಾರ್ಖಾನೆ ಕಟ್ಟಿದ. ಯುದ್ಧ ಬಂತು, ಮರಕ್ಕೆ ಬೆಲೆ ಬಂತು, ಕಕ್ಕಿಂಜೆಯ ಆಚೆ ಕಾಡಿನ ಮರದ ಕಂಟ್ರಾಕ್ಟೂ ಅವನದ್ದಾಯಿತು. ಅರ್ಧಂಬರ್ಧ ತುಳುವಿನಲ್ಲಿ ಕೆಲಸದವರನ್ನು ಬೈಯುತ್ತಿದ್ದ, ಆ ಬೈಗುಳ ಕೇಳಿಯೇ ಅವರಿಗೆ ಅವನ ಮೇಲೆ ಪ್ರೀತಿ. ಸ್ವಾತಂತ್ರ್ಯ ಬಂದು ಉಳಿದ ಬಿಳಿಯರೆಲ್ಲ ಗಂಟುಮೂಟೆ ಕಟ್ಟಿದಾಗಲೂ ಇವನು ಕದಲಲಿಲ್ಲ. ಹಂಚಿಗೆ ಬೇಡಿಕೆ ಇದ್ದಷ್ಟು ಕಾಲ ಕೂತು, ಒಳ್ಳೆಯ ಬೆಲೆಗೆ ಕಾರ್ಖಾನೆ ಮಾರಿ, ಐವತ್ತರ ದಶಕದ ನಡುವಿನಲ್ಲಿ ತನ್ನ ಊರಿಗೆ ಹೋದ. ಅಲ್ಲಿ ಚುನಾವಣೆಗೆ ನಿಂತು ಮೊದಲು ಸೋತ, ಮತ್ತೆ ನಿಂತು ಗೆದ್ದ. ಗೆದ್ದ ಸುದ್ದಿಗೆ ಬಿ.ಸಿ.ರೋಡಿನ ಹೋಟೆಲಿನಲ್ಲಿ ಅವನ ಹಳೆಯ ಮೇಸ್ತ್ರಿಯೊಬ್ಬ ಸಿಕ್ಕಿದವರಿಗೆಲ್ಲ ಚಾ ಕುಡಿಸಿದನಂತೆ. ಅವನ ಪಕ್ಷ ಯಾವುದು, ಅದು ನಮ್ಮ ಪರವೋ ವಿರುದ್ಧವೋ, ಚಾ ಕುಡಿದವರಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ.

ನನ್ನ ಅಮ್ಮ ಆ ದೊರೆಯ ಮಗನ ಆಯಾ ಆಗಿದ್ದಳು. ಅಪ್ಪ ಬೇಗ ತೀರಿಕೊಂಡ ಮೇಲೆ ನಮ್ಮ ಹೊಟ್ಟೆ ಹೊರೆದದ್ದು ಆ ಕೆಲಸ. ದೊರೆಯ ಮಗನಿಗೆ ಏಳು ವರ್ಷ, ನನ್ನ ಅಕ್ಕನಿಗೆ ಆರು. ಅಕ್ಕ ಎದುರಿಗೆ ಕೂರದಿದ್ದರೆ ಅವನಿಗೆ ತುತ್ತು ಇಳಿಯುತ್ತಿರಲಿಲ್ಲವಂತೆ. ಹಾಗಾಗಿ ಯುದ್ಧದ ಕೊನೆಯ ಮಳೆಗಾಲದಲ್ಲಿ ದೊರೆಸಾನಿ ಮಗನನ್ನು ಕರೆದುಕೊಂಡು ಕಕ್ಕಿಂಜೆಯ ಮರದ ಬಂಗಲೆಗೆ ಹೋದಾಗ ಅಮ್ಮನೊಡನೆ ಅಕ್ಕನೂ ಹೋದಳು. ನನ್ನನ್ನು ಅಜ್ಜಿಯ ಹತ್ತಿರ ಬಿಟ್ಟರು.

ಕಾಡುಜ್ವರ ಇಬ್ಬರಿಗೂ ಒಟ್ಟಿಗೇ ಹಿಡಿಯಿತು. ದೊರೆ ವ್ಯವಹಾರಕ್ಕೆಂದು ಮಂಗಳೂರಿನಲ್ಲಿದ್ದ. ಹೊಳೆ ತುಂಬಿ ರಸ್ತೆ ಮುಚ್ಚಿತ್ತು, ಲಾರಿ ಬರುವಂತಿರಲಿಲ್ಲ. ಬಂಗಲೆಯಲ್ಲಿ ಇದ್ದದ್ದು ಕ್ವಿನೈನಿನ ಒಂದು ಬಾಟಲಿ, ಅದೂ ಅರ್ಧ. ಅದನ್ನು ದೊರೆಸಾನಿ ಬೀಗ ಹಾಕಿ ಇಟ್ಟುಕೊಂಡಿದ್ದಳು. ಹೊತ್ತು ಹೊತ್ತಿಗೆ ಚಮಚಕ್ಕೆ ಬಗ್ಗಿಸಿ ಕೊಡುವವಳು ಅವಳು, ಹುಡುಗನ ಬಾಯಿಗೆ ಹಾಕುವವಳು ಅಮ್ಮ. ಪಕ್ಕದ ಚಾಪೆಯಲ್ಲಿ ಅಕ್ಕ ನಡುಗುತ್ತಿದ್ದಳು. ಅಮ್ಮ ಒಮ್ಮೆ ಕೇಳಿದಳಂತೆ. ಲಾರಿ ಬಂದ ಮೇಲೆ ಅವಳಿಗೂ ಕೊಡುವ ಎಂದಳಂತೆ ದೊರೆಸಾನಿ. ಮೊದಲು ಅಕ್ಕ ಹೋದಳು. ಹುಡುಗ ಅವಳ ಹೆಸರು ಹಿಡಿದು ಕರೆಯುತ್ತಾ ಕರೆಯುತ್ತಾ ಮರುದಿನ ಹೋದ. ಬಂಗಲೆಯ ಹಿಂದೆ ಇಬ್ಬರನ್ನೂ ಹೂಳಿದರು. ಈ ಚಮಚದ ಮಾತನ್ನು ಅಮ್ಮ ನನ್ನ ಹತ್ತಿರ ಆಡಿದ್ದು ಜೀವಮಾನದಲ್ಲಿ ಒಂದೇ ಸಲ.

ನೀರು ಇಳಿದ ಮೇಲೆ ದೊರೆ ಬಂದ. ಮಗನ ಗೋರಿಯ ಹತ್ತಿರ ನಿಂತು, ಅಳುತ್ತಿದ್ದ ಅಮ್ಮನ ತಲೆಯ ಮೇಲೆ ಕೈಯಿಟ್ಟು ತಾನೂ ಅತ್ತನಂತೆ. ಅವನ ಬಗ್ಗೆ ನಾನೇನಾದರೂ ಕೊಂಕು ನುಡಿದರೆ ಅಮ್ಮ ಇದನ್ನೇ ಮುಂದಿಡುತ್ತಿದ್ದಳು. "ದೊರೆಗಳು ನನ್ನ ಮಗಳಿಗಾಗಿಯೂ ಅತ್ತಿದ್ದಾರೆ."

ದೊರೆಸಾನಿ ಮೊದಲ ಹಡಗಿಗೇ ಊರಿಗೆ ಹೋದವಳು ತಿರುಗಿ ಬರಲಿಲ್ಲ.

ನಮ್ಮಲ್ಲಿ ಸತ್ತವರು ಅಷ್ಟು ಸುಲಭಕ್ಕೆ ಮನೆ ಬಿಡುವುದಿಲ್ಲ. ಅವರನ್ನು ಕುಲೆ ಎನ್ನುತ್ತೇವೆ. ಆಟಿ ತಿಂಗಳಲ್ಲಿ, ಮಳೆ ಸುರಿಯುವಾಗ, ಬಾಳೆಎಲೆ ಹಾಕಿ ಅವರಿಗೆ ಬಡಿಸುತ್ತೇವೆ. ಮಗುವಾಗಿ ಸತ್ತವರೂ ನಮ್ಮ ಲೆಕ್ಕದಲ್ಲಿ ವರ್ಷ ವರ್ಷ ಬೆಳೆಯುತ್ತಾರೆ. ಮದುವೆಯ ಪ್ರಾಯ ಬಂದರೆ ಮದುವೆ ಕೇಳುತ್ತಾರೆ. ಅದನ್ನು ಮಾಡಿಕೊಡದೆ ಅವರ ಕೆಳಗೆ ಹುಟ್ಟಿದವರಿಗೆ ಸಂಬಂಧ ಕೂಡಿ ಬರುವುದಿಲ್ಲ ಎಂಬುದು ನಂಬಿಕೆ. ನಾನು ಬಿ.ಎ. ಓದಿದವ, ನಂಬಲಿಲ್ಲ. ಆದರೆ ಅರುವತ್ತರ ನಂತರ ನನಗೆ ನೋಡಿದ ಸಂಬಂಧಗಳು ಒಂದಾದ ಮೇಲೊಂದು ತಪ್ಪಿದವು. ಒಂದಂತೂ ವೀಳ್ಯ ಬದಲಾದ ಮೇಲೆ ತಪ್ಪಿತು. ಜೋಯಿಸರು ಕವಡೆ ಹಾಕಿ, ಮನೆಯಲ್ಲಿ ಪ್ರಾಯಕ್ಕೆ ಬಂದ ಹುಡುಗಿಯೊಬ್ಬಳು ಕಾದು ಕೂತಿದ್ದಾಳೆ ಎಂದರು.

ನನ್ನ ಸೋದರಮಾವ ಅವಳಿಗೆ ಗಂಡು ಹುಡುಕಲು ಹೊರಟೇಬಿಟ್ಟರು. ಬೆಳ್ತಂಗಡಿಯ ಕಡೆಯ ಒಂದು ಮನೆಯಲ್ಲಿ ತೊಟ್ಟಿಲಲ್ಲೇ ತೀರಿಕೊಂಡ ಹುಡುಗ ಸಿಕ್ಕಿದ. ನಮ್ಮದೇ ಜಾತಿ, ಗೋತ್ರದ ಹಾಗಿನ ಬಳಿ ಬೇರೆ, ಒಳ್ಳೆಯ ಕುಳ. ಜಾತಕವೊಂದನ್ನು ಬಿಟ್ಟು ಎಲ್ಲವೂ ಕೂಡಿತು. ಅಮ್ಮ ಮಾತ್ರ ಒಪ್ಪಲಿಲ್ಲ.

"ಮುಖ ನೋಡದ ಮನೆಗೆ ನಾನು ಕೊಡುವುದಿಲ್ಲ. ಅವಳಿಗೆ ಹುಡುಗ ಉಂಟು."

ಯಾರು ಎಂದು ಮಾವ ಕೇಳಬೇಕಾಗಿ ಬರಲಿಲ್ಲ. ಅವರ ಮುಖ ಕಪ್ಪಿಟ್ಟಿತು. "ನಿನಗೆ ತಲೆ ಸಮ ಉಂಟಾ ಅಕ್ಕ? ಜಾತಿಯ ಮಾತು ಅತ್ಲಾಗಿರಲಿ. ಕೊಟ್ಟ ಹೆಣ್ಣು ಕೊಟ್ಟ ಮನೆಯವಳು. ನಾಳೆಯಿಂದ ನೀನು ಅವಳಿಗೆ ಎಲೆ ಹಾಕುವ ಹಾಗಿಲ್ಲ, ಗಂಡಿನ ಮನೆಯವರೇ ಹಾಕಬೇಕು. ಆ ಲಂಡನ್ನಿನಲ್ಲಿ ಅವಳಿಗೆ ಬಡಿಸುವವರು ಯಾರು? ಹಸಿದು ಸಾಯಬೇಕಾ, ಸತ್ತ ಮೇಲೆಯೂ?"

ಅಮ್ಮ ಮೆತ್ತಗೆ ಹೇಳಿದ್ದು ಇಷ್ಟೇ: "ದೊರೆಗಳು ಬರಲಿ. ನಾನೇ ಕೇಳ್ತೇನೆ."

ಮದುವೆಯಾಗಬೇಕಾದವನು ನಾನು. ಎಲ್ಲಿಯೋ ಪಾರ್ಲಿಮೆಂಟಿನಲ್ಲಿ ಭಾಷಣ ಬಿಗಿಯುವವನ ದಾರಿ ಕಾಯುತ್ತಾ ನಾನು ಮುದುಕನಾಗಬೇಕೇ ಎಂದು ಸಿಟ್ಟಾಯಿತು. ವಾಚನಾಲಯದಲ್ಲಿ ಅವನ ಹೆಸರನ್ನು ಹುಡುಕುವುದೇ ನನಗೊಂದು ಚಟವಾಯಿತು. ಮರದ ಕಂಪೆನಿಯೊಂದಕ್ಕೆ ಡೈರೆಕ್ಟರ್ ಆದ. ಯಾವುದೋ ಖಾತೆಯ ಉಪಮಂತ್ರಿಯಾದ. ನಮ್ಮ ದೇಶದ ವಿಷಯ ಬಂದಾಗಲೆಲ್ಲ ಎದ್ದು ನಿಂತು, ತನ್ನ ಮಗ ಆ ಮಣ್ಣಿನಲ್ಲಿ ಮಲಗಿದ್ದಾನೆ ಎಂದು ಹೇಳುತ್ತಿದ್ದನಂತೆ. ಅದನ್ನು ಅಮ್ಮನಿಗೆ ಹೇಳಿದ್ದೂ ನಾನೇ. ಅವಳ ಆಸೆಗೆ ಎಣ್ಣೆ ಹೊಯ್ದ ಹಾಗಾಯಿತು.

ಕೊನೆಗೂ ದೊರೆ ಬಂದ. ಅರುವತ್ತರ ದಶಕದ ಮೊದಲರ್ಧ, ಚಳಿಗಾಲ. ಯಾವುದೋ ನಿಯೋಗದ ಜೊತೆ ದಿಲ್ಲಿಗೆ ಬಂದವನು ಹಳೆಯ ಕಾರ್ಖಾನೆ ನೋಡಲು ಒಂದು ದಿನದ ಮಟ್ಟಿಗೆ ನಮ್ಮ ಕಡೆ ಇಳಿದ. ಕಾರ್ಖಾನೆಯ ಅಂಗಳದಲ್ಲಿ ಚಪ್ಪರ ಹಾಕಿದ್ದರು. ದಪ್ಪಗಾಗಿದ್ದ, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವನು ಇಂಗ್ಲಿಷಿನಲ್ಲಿ ಮಾತಾಡಿದ, ಬಂಟ್ವಾಳದ ವಕೀಲರೊಬ್ಬರು ಕನ್ನಡದಲ್ಲಿ ಹೇಳಿದರು. ನನ್ನ ಮಗನನ್ನು ನಿಮ್ಮ ಮಣ್ಣಿಗೆ ಕೊಟ್ಟಿದ್ದೇನೆ, ಆದ್ದರಿಂದ ನಾನು ನಿಮ್ಮವನೇ ಎಂದಾಗ ಜನ ಚಪ್ಪಾಳೆ ಹೊಡೆದರು. ಮೇಸ್ತ್ರಿ ಕಣ್ಣೊರಸಿಕೊಂಡ. ಅಮ್ಮ ನನ್ನ ತೋಳನ್ನು ಹಿಡಿದವಳು ಬಿಡಲಿಲ್ಲ.

ಸಂಜೆ ಪ್ರವಾಸಿ ಬಂಗಲೆಯಲ್ಲಿ ನಮಗೆ ಸ್ವಲ್ಪ ಹೊತ್ತು ಕೊಟ್ಟ. ಅಮ್ಮನನ್ನು ಕಂಡದ್ದೇ ಎದ್ದು ಕೈಮುಗಿದ. "ಆಯಾ," ಎಂದ. ಅಮ್ಮ ಅತ್ತಳು. ಅವನ ಕಣ್ಣೂ ಒದ್ದೆಯಾಯಿತು, ಅದರಲ್ಲಿ ನಾಟಕ ಇರಲಿಲ್ಲ. ಅವನ ತುಳು ಅಷ್ಟರಲ್ಲಿ ಪೂರಾ ಹೋಗಿತ್ತು. ನಾನು ನಡುವೆ ನಿಂತು ಇಂಗ್ಲಿಷಿನಲ್ಲಿ ಹೇಳಬೇಕಾಯಿತು. ನೇರ ಮದುವೆಗೆ ಹೋಗಲು ನಾಲಿಗೆ ಏಳದೆ, ವರ್ಷಕ್ಕೊಮ್ಮೆ ನಿಮ್ಮ ಮನೆಯಲ್ಲಿ ಮಗನ ಹೆಸರಿನಲ್ಲಿ ಒಂದು ಊಟ ಬಡಿಸಿ ಇಡಬೇಕೆಂದು ಇವರ ಆಸೆ ಎಂದೆ. ಅವನು ಕನ್ನಡಕ ತೆಗೆದು, ಒರೆಸಿ, ಖಂಡಿತ ಮಾಡುತ್ತೇನೆಂದು ಹೇಳು ಎಂದ.

"ಇಬ್ಬರಿಗೂ ಅಂತ ಹೇಳು ಮಗಾ," ಎಂದಳು ಅಮ್ಮ. "ಎರಡು ಊಟ."

ಎರಡು ಎಂದೆ.

"ಇನ್ನೊಂದು ಯಾರಿಗೆ?"

ನನ್ನ ಅಕ್ಕನಿಗೆ, ನಿಮ್ಮ ಮಗನ ಜೊತೆ ತೀರಿಕೊಂಡಳಲ್ಲ, ಆ ಹುಡುಗಿಗೆ ಎಂದೆ.

ದೊರೆ ನನ್ನನ್ನು ನೋಡಿದ, ಅಮ್ಮನನ್ನು ನೋಡಿದ. "ಯಾವ ಹುಡುಗಿ?" ಎಂದ.

ಆಯಾ ಕೆಲಸ ಮಾಡಿದವಳಿಗೆ ಅಷ್ಟು ಇಂಗ್ಲಿಷ್ ಗೊತ್ತಿತ್ತು. ನಾನು ಅದನ್ನು ತುಳುವಿಗೆ ತಿರುಗಿಸುವ ಅಗತ್ಯ ಬೀಳಲಿಲ್ಲ. ಅಂದು ಗೋರಿಯ ಹತ್ತಿರ ಅವಳು ಅಳುತ್ತಿದ್ದದ್ದು ತನ್ನ ಮಗನಿಗಾಗಿ ಎಂದೇ ಅವನು ತಿಳಿದುಕೊಂಡಿದ್ದ. ದೊರೆಸಾನಿ ಹೇಳಿರಲಿಲ್ಲ. ಪಕ್ಕದ ಹೊಸ ಮಣ್ಣು ಯಾರದೆಂದು ಅವನು ಕೇಳಿರಲಿಲ್ಲ. ಇಷ್ಟು ವರ್ಷ ಅಮ್ಮ ಹಿಡಿದುಕೊಂಡಿದ್ದ ಆ ಒಂದು ಅಳುವಿನಲ್ಲಿ ಅವಳ ಮಗಳಿಗೆ ಪಾಲೇ ಇರಲಿಲ್ಲ.

ಅವನು ಮಾತಿನಲ್ಲಿ ಪಳಗಿದವ, ಬೇಗ ಸುಧಾರಿಸಿಕೊಂಡ. ಹೌದು ಹೌದು, ಆ ಪುಟ್ಟ ಹುಡುಗಿ, ನೆನಪಾಯಿತು ಎಂದ. ಅದು ಇನ್ನೂ ಕೆಟ್ಟದಾಗಿ ಕೇಳಿಸಿತು. ಕಕ್ಕಿಂಜೆಗೆ ಹೋಗುತ್ತೀರಾ ಎಂದು ನಾನು ಬೇಕೆಂದೇ ಕೇಳಿದೆ. ಅವನು ಪಕ್ಕದಲ್ಲಿದ್ದ ತನ್ನ ಕಾರ್ಯದರ್ಶಿಯ ಮುಖ ನೋಡಿದ, ಕಾರ್ಯದರ್ಶಿ ಕೈಗಡಿಯಾರ ನೋಡಿದ. ಮದುವೆಯ ಮಾತು ಬಾಯಿಗೆ ಬರಲೇ ಇಲ್ಲ. ಅಮ್ಮ ಸೆರಗು ಸರಿಮಾಡಿಕೊಂಡು ಎದ್ದು, "ಹೋಗುವ ಮಗಾ, ದೊರೆಗಳಿಗೆ ಹೊತ್ತಾಯ್ತು," ಎಂದಳು.

ಮಾವನಿಗೆ ಒಳಗೊಳಗೇ ಸಮಾಧಾನ. ಬೆಳ್ತಂಗಡಿಯವರಿಗೆ ಹೇಳಿಕಳಿಸುವ ಎಂದರು. ನಾನೂ ಹೂಂ ಎಂದೆ. ಆಟಿ ಬರಲಿ ಎಂದಳು ಅಮ್ಮ. ಆಟಿ ಹಿಡಿದ ದಿನ ಮಾವನ ಎದುರು ಬಂದು ನಿಂತಳು.

"ಅಪ್ಪನಿಗೆ ಗೊತ್ತಿಲ್ಲದ್ದಕ್ಕೆ ಆ ಹುಡುಗ ಏನು ಮಾಡಿಯಾನು? ಅವನಿಗೆ ಗೊತ್ತಿತ್ತು. ಕರೆದು ಕರೆದೇ ಸತ್ತ."

"ಮಾಡು ಮಾರಾಯ್ತಿ, ಮಾಡು," ಎಂದರು ಮಾವ. "ಗಂಡಿನ ಕಡೆಯಿಂದ ಯಾರನ್ನು ಕೂರಿಸ್ತಿ? ಎಲೆ ಯಾರು ಹಾಕ್ತಾರೆ? ಹೇಳು."

"ನಾನು ಕೂರ್ತೇನೆ," ಎಂದೆ.

ಅದು ಪ್ರೀತಿಯಿಂದ ಬಂದ ಮಾತಲ್ಲ. ದೊರೆಯ ಮೇಲೆ, ಮಾವನ ಮೇಲೆ, ಕವಡೆಯ ಮೇಲೆ, ತಪ್ಪಿಹೋದ ನನ್ನ ಸಂಬಂಧಗಳ ಮೇಲೆ, ಎಲ್ಲದರ ಮೇಲೂ ಸಿಟ್ಟು ಬಂದು ಆಡಿದ್ದು. ಆದರೆ ಆಡಿದ ಮೇಲೆ ಅದು ಆಡಿದ ಹಾಗೇ ನಿಂತಿತು. ಮಾವ ಮದುವೆಗೆ ಬರಲಿಲ್ಲ, ನೆಂಟರೂ ಬರಲಿಲ್ಲ. ವರನಿಗೆ ಪ್ಯಾಂಟು ಹೊಲಿಸಬೇಕೆಂದು ಅಮ್ಮ ಹಟ ಹಿಡಿದಳು. ಬಿ.ಸಿ.ರೋಡಿನ ದರ್ಜಿ ಅಳತೆ ಕೇಳಿದಾಗ ನಾನೇ ಕೈ ಅಗಲಿಸಿ ನಿಂತೆ. ಎರಡು ಮಣೆ ಇಟ್ಟು, ಒಂದರ ಮೇಲೆ ಆ ಪ್ಯಾಂಟು ಅಂಗಿ, ಇನ್ನೊಂದರ ಮೇಲೆ ಸೀರೆ, ಬಳೆ, ಬಾಚಣಿಗೆ ಇಟ್ಟೆವು. ಹೆಣ್ಣಿನ ಕಡೆ ಅಮ್ಮ ಒಬ್ಬಳು. ಗಂಡಿನ ಕಡೆ ನಾನೊಬ್ಬ. ಅವಳು ಧಾರೆಯ ನೀರು ಬಿಟ್ಟಳು, ಇಂಗ್ಲೆಂಡಿನ ಉಪಮಂತ್ರಿಯ ಜಾಗದಲ್ಲಿ ಕೂತು ನಾನು ಅದನ್ನು ಕೈಯೊಡ್ಡಿ ಹಿಡಿದೆ. ಹೊರಗೆ ಮಳೆ ಹೊಡೆಯುತ್ತಿತ್ತು. ಅಮ್ಮ ಅಳಲಿಲ್ಲ, ನಾನು ಅತ್ತೆ.

ಅಲ್ಲಿಗೆ ಅವರಿಬ್ಬರೂ ನನ್ನ ಮನೆಯವರಾದರು. ಮರುವರ್ಷದ ಆಟಿಗೆ ಮೂಡುಬಿದಿರೆಯ ನನ್ನ ಬಾಡಿಗೆ ಮನೆಯಲ್ಲಿ ನಾನೇ ಎಲೆ ಹಾಕಿದೆ. ಅಮ್ಮ ಸಿದ್ಧಕಟ್ಟೆಯ ದಾರಿಯ ಬಸ್ಸಿನಲ್ಲಿ ನೆನೆಯುತ್ತಾ ಬಂದಳು. ಕೈಯಲ್ಲಿ ಬಾಳೆಹಣ್ಣು, ವೀಳ್ಯ, ಮಗಳ ಗಂಡನ ಮನೆಗೆ ಹೋಗುವವರು ಒಯ್ಯುವ ಹಾಗೆ. ಮಗನ ಮನೆಯೆಂದು ಸೀದಾ ಒಳಗೆ ಬರಲಿಲ್ಲ. ಜಗಲಿಯಲ್ಲಿ ನಿಂತು, ಕರೆದ ಮೇಲೆ ಬಂದು, ಅಡಿಗೆಯ ಕೋಣೆಯ ಹೊಸ್ತಿಲ ಆಚೆ ಕೂತಳು. ಬಡಿಸುವ ಹಕ್ಕು ಇನ್ನು ಅವಳದಲ್ಲ, ಅವಳು ಅದನ್ನು ಮೀರಲಿಲ್ಲ.

ನೀರುದೋಸೆ, ಬೆಲ್ಲ, ತೆಂಗಿನ ಹಾಲು ಮಾಡಿದ್ದೆ. ನನ್ನ ಮದುವೆ ಇನ್ನೂ ಆಗಿರಲಿಲ್ಲ, ಆಗುವ ಸೂಚನೆಯೂ ಇರಲಿಲ್ಲ. ದೊರೆ ಅಷ್ಟರಲ್ಲಿ ಬಂದ ಚುನಾವಣೆಯಲ್ಲಿ ಸೋತಿದ್ದ, ಅದನ್ನು ಅಮ್ಮನಿಗೆ ಹೇಳುವ ಎಂದುಕೊಂಡವನು ಹೇಳಲಿಲ್ಲ. ಎರಡು ಎಲೆ ಹಾಕಿ, ಪದ್ಧತಿಯ ಪ್ರಕಾರ ಮೊದಲು ಗಂಡಿನ ಎಲೆಗೆಂದು ಸೌಟು ಎತ್ತಿದೆ.

"ಮಗಾ," ಎಂದಳು ಅಮ್ಮ ಹೊಸ್ತಿಲ ಆಚೆಯಿಂದ. ನಾನು ತಿರುಗಿ ನೋಡಿದೆ. ಬೀಗರ ಮನೆಯಲ್ಲಿ ಮಾತಾಡುವವಳ ಹಾಗೆ ತಲೆ ತಗ್ಗಿಸಿ ಕೂತಿದ್ದಳು.

"ಇದೊಂದು ಸಲ ಮೊದಲು ಅವಳಿಗೆ ಹಾಕು."