ಮರುಸಲಾಮಿಗೆ ಕಾದ ರಯ್ಯಾ ಅಬ್ಲಾ

ಅರಬ್ಬರ ನಾಡಿನ ಅಲ್ ಹಮ್ರಾದ ಸುತ್ತಲಿನ ಬೆಟ್ಟದೂರುಗಳಲ್ಲಿ ರಯ್ಯಾ ಅಬ್ಲಾ ಅವರ ಮುಂದೆ ಕೂತು ಅಲಿಫ್ ಅಕ್ಷರ ತಿದ್ದದ ಹೆಣ್ಣುಮಕ್ಕಳು ವಿರಳ. ಅಬ್ಲಾ ಅಂದರೆ ಟೀಚರಮ್ಮ; ಅರಬ್ಬಿ ಕಲಿಸುವವರಲ್ಲಿ ಹಿರಿಯರೆಂದು ನಾಡೆಲ್ಲ ಅವರನ್ನು ಗೌರವಿಸುತ್ತದೆ. ಪಕ್ಕದ ಕೋಣೆಯಲ್ಲಿ ಲೆಕ್ಕ ಕಲಿಸಿದ ನಮ್ಮಂಥವರಿಗೆ ನೆನಪಾಗುವುದು ಅವರ ಸಲಾಮು. ಬಾಗಿಲಲ್ಲಿ ನಿಂತು ಸಲಾಮ್ ಹೇಳಿದರೆ, ಕೊನೆಯ ಬೆಂಚಿನವಳೂ ಮರುಸಲಾಮ್ ಹೇಳುವ ತನಕ ಪುಸ್ತಕ ತೆರೆಯುತ್ತಿರಲಿಲ್ಲ. ಜ್ವರದಿಂದೆದ್ದು ಬಂದವಳೊಬ್ಬಳಿಗೆ ದನಿ ಹೊರಡದಿದ್ದಾಗ, ಅವಳ ತುಟಿಯ ಬಳಿ ಕಿವಿಯಿಟ್ಟು ಕೇಳಿಸಿಕೊಂಡು ಬಂದವರು ಅವರು.

ಸೋಂಕಿನ ವರ್ಷ ಶಾಲೆ ಮುಚ್ಚಿ, ಪಾಠವೆಲ್ಲ ಆನ್‌ಲೈನ್ ಪರದೆಗೆ ಬಂತು. ಕಂಪ್ಯೂಟರ್ ಕಲಿಸುವ ಬಸ್ಮಾ, ಗಲಾಟೆಯಾಗದಿರಲು ಮೊದಲು ಒತ್ತಬೇಕಾದ ಗುಂಡಿಯನ್ನು ತೋರಿಸಿಕೊಟ್ಟಿದ್ದರು. ಅಬ್ಲಾ ಅದನ್ನು ಭಕ್ತಿಯಿಂದ ಒತ್ತಿ, ಸಲಾಮ್ ಹೇಳಿ, ಕಾದರು. ಮನೆಯೊಳಗಿನ ಹುಡುಗಿಯರ ಮುಖ ಪರದೆಗೆ ಬರುವಂತಿಲ್ಲ. ಹೆಸರುಗಳಷ್ಟೇ ಸಾಲಾಗಿ ಕೂತಿದ್ದವು. ಒಂದು ಹೆಸರೂ ಉಸಿರೆತ್ತಲಿಲ್ಲ. ಸಲಾಮಿಗೆ ಉತ್ತರ ಕೊಡದಿರುವುದೆಂದರೆ ನಮ್ಮಲ್ಲಿ ಜಗಳವೆಂದೇ ಅರ್ಥ. ಅಬ್ಲಾ ಪರದೆ ಮುಚ್ಚಿ ಬಸ್ಮಾಗೆ ಫೋನು ಮಾಡಿದರು.

“ಮಕ್ಕಳು ನನ್ನ ಮೇಲೆ ಮುನಿಸಿಕೊಂಡಿದಾರೆ ಕಣೇ. ನಾಳೇನೇ ಕೆಲಸ ಬಿಟ್ಟುಬಿಡ್ತೀನಿ.”

“ಮುನಿಸು ಅಂತ ಯಾರು ಹೇಳಿದ್ದು?”

“ಸಲಾಮಿಗೆ ಒಬ್ಬಳಾದ್ರೂ ಬಾಯಿ ಬಿಡಬೇಡವಾ?”

“ಹೇಗೆ ಬಿಡ್ತಾರೆ ಅಬ್ಲಾ? ಎಲ್ಲರ ಬಾಯಿಗೂ ಬೀಗ ಹಾಕಿ ಕೂತಿರೋದು ನೀವೇ! ತೆಗೆಯೋದೂ ಅದೇ ಗುಂಡಿ. ಒಂದು ಸಲ ಒತ್ತಿ ನೋಡಿ, ಆಮೇಲೆ ಬೇಕಾದ್ರೆ ಕೆಲಸ ಬಿಡಿ.”

ಮರುದಿನ ಒತ್ತಿದರು. ಮೊದಲು ಕೇಳಿದ್ದು ಕಾಲುವೆಯ ನೀರು. ಆಮೇಲೆ ಮೇಕೆ, ಕಾಫಿ ಕುಟ್ಟುವ ಒರಳು, ಅದರ ಮೇಲೆ ಮಕ್ಕಳ ಮರುಸಲಾಮ್. ಯಾರದೋ ಮನೆಯ ಅಜ್ಜಿಯೂ ಸೇರಿಕೊಂಡರು.

“ನಿನ್ನೇನೂ ಹೇಳಿದ್ದೆ ಮಗಳೇ, ನಿನ್ನ ಕಿವಿ ಮಂದವಾಯ್ತಾ? ಸುದ್ದಿ ಏನು?”

“ಸುದ್ದಿ ಏನಿಲ್ಲ ಅಜ್ಜಿ, ಎಲ್ಲ ಒಳ್ಳೇದೇ. ನಿಮ್ಮ ಕಡೆ?”

ಅಬ್ಲಾ ಕಣ್ಣುಮುಚ್ಚಿ ಕೂತರು. ಇಡೀ ಕಣಿವೆ ತಮ್ಮ ಕೋಣೆಯೊಳಗೆ ಬಂದು, ಚಾಪೆಯ ಮೇಲೆ ಕಾಲು ಮಡಚಿ ಕೂತಂತೆ ಅನ್ನಿಸಿತಂತೆ. ಎಲ್ಲರ ದನಿ ಅಡಗಿದ ಮೇಲೆ, ಸಿಗ್ನಲ್ ನಿಲ್ಲದ ಮೇಲೂರಿನಿಂದ ಗಾಯಾ ಎಂಬ ಪುಟ್ಟ ಹುಡುಗಿಯ ಸಲಾಮು, ಬೆಟ್ಟವನ್ನು ನಡೆದೇ ಇಳಿದಂತೆ ತಡವಾಗಿ ಬಂತು. ಆಗಲೇ ಅಬ್ಲಾ ಪುಸ್ತಕ ತೆರೆದರು. ಕೆಲಸ ಬಿಡುವ ಮಾತನ್ನು ಮತ್ತೆ ಎತ್ತಲಿಲ್ಲ.

ಈಗ ಅವರು ನಿವೃತ್ತರಾಗಿ ಶಾಲೆ ಬಿಡುತ್ತಿದ್ದಾರೆ, ಪಾಠವನ್ನಲ್ಲ. ಆ ಅಜ್ಜಿ ಮತ್ತು ಅವರ ಗೆಳತಿಯರು ಪರದೆಯ ಮೇಲೆ ಅಲಿಫ್ ತಿದ್ದತೊಡಗಿದ್ದಾರೆ. ದೇವರು ಅಬ್ಲಾಗೆ ದೀರ್ಘಾಯುಷ್ಯ ಕೊಡಲಿ. ಮೇಲೂರಿನ ಸಲಾಮು ಎಷ್ಟೇ ತಡವಾಗಿ ಇಳಿದು ಬಂದರೂ, ಕೇಳಿಸಿಕೊಳ್ಳಲು ಅವರು ಆ ಪರದೆಯ ಮುಂದೆ ಕಾದು ಕೂತಿರಲಿ.