ಅಕ್ಕಿಯ ಮೇಲೆ ಬರೆದ ಹೆಸರು

ಬೈಲಹೊಂಗಲದ ಕೃಷ್ಣಾಜಿ ಮಾಸ್ತರರ ಕೈಯಲ್ಲಿ ಇಂಗ್ಲಿಷ್ ಕಲಿತವರಿಗೆ ದೊಡ್ಡಕ್ಷರ ಎಂದರೆ ಇಂದಿಗೂ ಎದೆ ಢವಢವ. ವಾಕ್ಯದ ಮೊದಲಿಗೆ ಅದನ್ನು ಮರೆತರೆ ಕಿವಿ ಹಿಂಡಿ ಬಿಡುತ್ತಿದ್ದರು. ವಾರ, ತಿಂಗಳ ಹೆಸರಿಗೆ ಮರೆತರೆ ನಾಲ್ಕು ಬೈಗುಳ. ಮನುಷ್ಯರ ಹೆಸರನ್ನೋ ಊರಿನ ಹೆಸರನ್ನೋ ಸಣ್ಣಕ್ಷರದಿಂದ ಸುರು ಮಾಡಿದರೆ ಮಾತ್ರ ಕಥೆ ಮುಗಿಯಿತು. “ಬರೇ ಹೊಳಿ ಅಂದ್ರ ಸಣ್ಣಕ್ಷರ ಸಾಕು, ಮಲಪ್ರಭಾ ಅಂದ್ರ ದೊಡ್ಡದ ಬೇಕು. ಹೆಸರಂದ್ರ ಮಾನ ಲೇ!” ನೇಸರಗಿಯ ಬೀಗರು ಕೊಟ್ಟ ಲಗ್ನಪತ್ರಿಕೆಯನ್ನೂ ತಿದ್ದಿ ಮರಳಿ ಕಳಿಸಿದ ಪುಣ್ಯಾತ್ಮರು ಅವರು.

ನಿವೃತ್ತಿಯಾಗಿ ಹದಿನೈದು ವರ್ಷವಾದರೂ ಕೆಂಪು ಪೆನ್ನು ಕಿಸೆ ಬಿಟ್ಟಿರಲಿಲ್ಲ. ಹೋದ ಶ್ರಾವಣದ ಒಂದು ಮಧ್ಯಾಹ್ನ ಮೊಮ್ಮಗಳು ಗೌತಮಿ ‘ನಮ್ಮ ಮನೆಯವರು’ ಎಂದು ಇಂಗ್ಲಿಷಿನಲ್ಲಿ ಬರೆದು ತಂದಳು. ಎಲ್ಲರ ಹೆಸರೂ ಸರಿ. ಅಜ್ಜಿ ಕಮಲಾಬಾಯಿಯದಷ್ಟೇ ಸಣ್ಣಕ್ಷರ.

“ನಿಮ್ಮಜ್ಜಿ ಹೆಸರು ಅಷ್ಟು ಅಗ್ಗ ಆತೇನ?” ಮಾಸ್ತರರು ಗುಡುಗಿದರು.

“ಕೂಸಿಗ್ಯಾಕ ಒದರ್ತೀರಿ?” ಮೆಂತೆಪಲ್ಲೆ ಸೋಸುತ್ತಿದ್ದ ಕಮಲಾಬಾಯಿ ತಲೆ ಎತ್ತಲಿಲ್ಲ. “ಅದೇನು ನನ್ನ ಹೆಸರಲ್ಲ. ಲಗ್ನದಾಗ ನೀವು ಅಕ್ಕಿ ಮ್ಯಾಲೆ ಉಂಗುರದಿಂದ ಬರದು ಇಟ್ಟ ಹೊಸಾ ಹೆಸರು.”

“ಹಂಗಾರ ನಿನ್ನ ಖರೇ ಹೆಸರೇನಜ್ಜಿ?” ಎಂದಳು ಹುಡುಗಿ.

“ನಿಮ್ಮಜ್ಜಗ ಕೇಳು.”

ಮಾಸ್ತರರು ಬಾಯಿ ತೆರೆದರು. ಹೆಸರು ಬರಲಿಲ್ಲ. ಬೆಳ್ಳಿ ತಾಟು ನೆನಪಾಯಿತು, ಅಕ್ಕಿಯ ಮೇಲೆ ಉಂಗುರ ಎಳೆದ ಗೆರೆ ನೆನಪಾಯಿತು, ಸುತ್ತ ನಿಂತವರು ನಕ್ಕದ್ದೂ ನೆನಪಾಯಿತು. ಸವದತ್ತಿಯ ಭಾವಮೈದ ಗುರುನಾಥ ಆಕೆಯನ್ನು ಏನೆಂದು ಕರೆಯುತ್ತಿದ್ದ? ಅಕ್ಕ ಎನ್ನುತ್ತಿದ್ದ, ಅಷ್ಟೇ. ತಾವು ಕಲಿಸಿದ ಮೊದಲ ತರಗತಿಯ ಹಾಜರಿಯನ್ನು ಈಗಲೂ ಪಟಪಟ ಹೇಳಬಲ್ಲ ಮನುಷ್ಯನಿಗೆ ನಲವತ್ತೊಂಬತ್ತು ವರ್ಷ ಅನ್ನ ಬಡಿಸಿದವಳ ಹೆಸರು ಗೊತ್ತಿಲ್ಲ! ಇಂಥ ನಾಚಿಕೆ ಜನ್ಮದಲ್ಲಿ ಆಗಿರಲಿಲ್ಲ.

“ನೆನಪಾಗವಲ್ದು,” ಎಂದರು ಕಡೆಗೆ. ದನಿ ಅವರದೇ ಎಂದು ಅವರಿಗೇ ಅನ್ನಿಸಲಿಲ್ಲ.

“ಚಂದ್ರಭಾಗಾ,” ಎಂದರು ಕಮಲಾಬಾಯಿ, ಯಾರೋ ಪರವೂರಿನವರ ಹೆಸರು ಹೇಳುವ ಹಾಗೆ. ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು.

ಮಾಸ್ತರರು ಆ ಹೆಸರನ್ನು ಮನಸ್ಸಿನಲ್ಲೇ ಹತ್ತಾರು ಸಲ ಹೇಳಿಕೊಂಡರು. ಮರುದಿನ ಮುಂಜಾನೆ ಪಡಸಾಲೆಯಲ್ಲಿ ಕೂತು, ಧೈರ್ಯ ಮಾಡಿ, ಅಡುಗೆಮನೆಗೆ ಕೇಳುವಂತೆ ಕರೆದರು: “ಚಂದ್ರಭಾಗಾ!”

ಒಳಗೆ ಪಾತ್ರೆಯ ಸದ್ದು ನಿಂತಿತು.

“ಯಾರು ಬಂದಾರ್ರಿ?” ಕಮಲಾಬಾಯಿ ಅಲ್ಲಿಂದಲೇ ಕೇಳಿದರು. “ಕೂಡಿಸ್ರಿ, ಚಹಾ ತರ್ತೇನಿ.”