ಅತ್ತೆಯ ಹಲ್ಲಿಗೆ ಮೀಸಲಿಟ್ಟ ಕಾಯಿ

ನಮ್ಮ ಅತ್ತೆ ಕೊಬ್ಬರಿ ಚೂರನ್ನು ದವಡೆಯ ಸಂದಿಯಲ್ಲಿ ಇಟ್ಟುಕೊಂಡು ಚೀಪುತ್ತಿದ್ದರು. ಅಗಿಯಲು ಹಲ್ಲಿರಲಿಲ್ಲ. ಜೊತೆಗೆ ಹಾಕಿಕೊಂಡ ಬೆಲ್ಲ ಕರಗಿಹೋದ ಮೇಲೂ ಕೊಬ್ಬರಿ ಹಾಗೇ ಉಳಿಯುತ್ತಿತ್ತು. ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಅದನ್ನು ಬಾಯಿಂದ ತೆಗೆದು, ಸೆರಗಿಗೆ ಒರೆಸಿ, ಕೊಟ್ಟಿಗೆಯಲ್ಲಿದ್ದ ಹಸುವಿನ ಮುಂದೆ ಹಾಕಿಬಿಡುತ್ತಿದ್ದರು. ತಿಪಟೂರು ಸೀಮೆಯಲ್ಲೇ ಹುಟ್ಟಿ, ಇಲ್ಲಿಗೇ ಮದುವೆಯಾಗಿ, ಆಯುಸ್ಸೆಲ್ಲ ಕೊಬ್ಬರಿ ಆರಿಸುತ್ತಾ ಕಳೆದ ಹೆಂಗಸು ಅವರು. ಅಂಥವರಿಗೆ ಒಂದು ಚೂರು ಕೊಬ್ಬರಿ ತಿನ್ನಲು ಆಗುತ್ತಿಲ್ಲ ಎಂಬುದನ್ನು ಒಂದು ಮಧ್ಯಾಹ್ನ ಹಿತ್ತಿಲ ಬಾಗಿಲಲ್ಲಿ ನಿಂತು ಕಣ್ಣಾರೆ ನೋಡಿದೆ. ಏನೇ ಆಗಲಿ, ಇವರಿಗೆ ಹಲ್ಲು ಕಟ್ಟಿಸಲೇಬೇಕು ಎಂದು ಅವತ್ತೇ ತೀರ್ಮಾನ ಮಾಡಿದೆ.

ಹಲ್ಲಿನ ಮಾತು ಮನೆಯಲ್ಲಿ ಹೊಸದೇನಲ್ಲ. ಪ್ರತಿ ವರ್ಷವೂ ಬರುತ್ತಿತ್ತು, ಪ್ರತಿ ವರ್ಷವೂ ನಮ್ಮ ಯಜಮಾನರು "ಈ ಸಲ ಕೊಬ್ಬರಿ ಆಗ್ಲಿ, ನೋಡಾನ" ಎನ್ನುತ್ತಿದ್ದರು. ಆದರೆ ಕೊಬ್ಬರಿ ಆಗುವ ತನಕ ಕಾಯಿ ಉಳಿಯಬೇಕಲ್ಲ! ನಮ್ಮ ಕಡೆ ಕೆಡವಿದ ಕಾಯನ್ನು ಸಿಪ್ಪೆ ಸಮೇತ ಕೊಟ್ಟಿಗೆಯ ಮೇಲಿನ ಅಟ್ಟಕ್ಕೆ ಏರಿಸುತ್ತೇವೆ. ಹೆಚ್ಚುಕಮ್ಮಿ ಒಂದು ವರ್ಷ ಮುಟ್ಟದೆ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಕಾಯನ್ನು ಅಲ್ಲಾಡಿಸಿದರೆ ಒಳಗಿನ ಉಂಡೆ ಲೊಡಲೊಡ ಎನ್ನುತ್ತದೆ. ಅಷ್ಟು ದಿನ ತಾಳಿದವರಿಗೆ ಒಳ್ಳೆ ದುಡ್ಡು. ನಮ್ಮ ಮನೆಯ ತಾಳ್ಮೆ ಮಾತ್ರ ಮೂರು ತಿಂಗಳಿಗೇ ಮುಗಿಯುತ್ತಿತ್ತು. ದಿನಸಿಗೆ ಕಮ್ಮಿ ಬಿತ್ತು ಎಂದರೆ ಒಂದೆರಡು ಚೀಲ ಹಸಿಕಾಯಿ ಇಳಿಯಿತು. ಮದುವೆ ಮುಯ್ಯಿಗೆ ಬೇಕು ಎಂದರೆ ಇನ್ನೊಂದೆರಡು. ವರ್ಷದ ಕೊನೆಗೆ ಅಟ್ಟದಲ್ಲಿ ಉಳಿಯುತ್ತಿದ್ದದ್ದು ಇಲಿಗಳು ಮತ್ತು ನಾಲ್ಕು ಮೂಟೆ ಕಾಯಿ.

ಆ ವರ್ಷ ಕಾಯಿ ಏರಿಸುವ ದಿನ ನಾನೇ ಅಟ್ಟ ಹತ್ತಿದೆ. ಮೂಡಣ ಮೂಲೆಗೆ ದಪ್ಪ ಕಾಯಿಗಳನ್ನು ಆರಿಸಿ ಹಾಕಿಸಿ, ನಡುವೆ ಒಂದು ಬಿದಿರಿನ ತಡಿಕೆ ನಿಲ್ಲಿಸಿದೆ.

"ಏನೇ ಅದು, ಕುರಿ ಕೂಡೋಕಾ?" ಎಂದು ಯಜಮಾನರು ಕೆಳಗಿನಿಂದ ಕೂಗಿದರು.

"ಅತ್ತೆ ಹಲ್ಲು ಕಣ್ರೀ. ತಡಿಕೆ ಆಚೆಗಿನ ಕಾಯಿ ಕೊಬ್ಬರಿ ಆಗೋಗಂಟ ಯಾರೂ ಮುಟ್ಟಂಗಿಲ್ಲ. ದಿನಸಿ ದುಡ್ಡು ನಿಮ್ಮನ್ನ ಕೇಳಲ್ಲ, ಹಾಲಿನ ದುಡ್ಡಲ್ಲಿ ನಾನು ನೋಡ್ಕತೀನಿ" ಎಂದೆ.

ಅವರು ನಕ್ಕರು. ಆ ನಗು ನನಗೆ ಚುಚ್ಚಿತು. ನಗಲಿ, ವರ್ಷ ಕಳೆದ ಮೇಲೆ ನೋಡೋಣ ಎಂದುಕೊಂಡೆ.

ನಾವು ಮನೆಯಲ್ಲಿ ನಾಲ್ಕು ಜನ. ಅತ್ತೆ, ಯಜಮಾನರು, ಹೈಸ್ಕೂಲಿಗೆ ಹೋಗುವ ಮಗಳು, ನಾನು. ಎರಡು ಹಸುಗಳ ಹಾಲಿಗೆ ಡೈರಿಯಲ್ಲಿ ಆಗುವ ಬಟವಾಡೆಯಲ್ಲಿ ಅಡುಗೆಮನೆ ನಡೆಯಬೇಕಿತ್ತು. ಮೊದಲು ತಿಪಟೂರಿನ ದೊಡ್ಡ ಅಂಗಡಿಗೆ ಹೋಗುವುದನ್ನು ನಿಲ್ಲಿಸಿದೆ. ಅಲ್ಲಿ ಬಾಗಿಲಲ್ಲೇ ತಳ್ಳುಗಾಡಿ ಕೊಡುತ್ತಾರೆ. ಅದರ ಗಾತ್ರ ಹೇಗಿದೆ ಎಂದರೆ ಒಂದು ಪಾವು ಸಾಸಿವೆ ಹಾಕಿಕೊಂಡು ತಳ್ಳಲು ನಮಗೇ ನಾಚಿಕೆಯಾಗಬೇಕು. ಹಾಗೆ ನಾಚಿಕೊಂಡೇ ನಾನು ಎಷ್ಟು ಸಲ ಒಂದಕ್ಕೊಂದು ಉಚಿತದ ನೂಡಲ್ಸು, ಯಾರೂ ತಿನ್ನದ ಓಟ್ಸು, ಮೂರು ಬಣ್ಣದ ಮಸಾಲೆ ಪೊಟ್ಟಣ ತಂದಿಲ್ಲ! ಇನ್ನು ಮೇಲೆ ಬೇಳೆಕಾಳು ಹಳೆಯ ದಿನಸಿ ಅಂಗಡಿಯಲ್ಲಿ, ತೂಕ ಹಾಕಿಸಿ, ಬೇಕಾದಷ್ಟು ಮಾತ್ರ. ಹುಣಸೆಹಣ್ಣನ್ನು ಸುಗ್ಗಿಯಲ್ಲಿ ಒಮ್ಮೆಗೇ ಕೊಂಡು ಬೀಜ ಬಿಡಿಸಿ ಉಪ್ಪು ಹಾಕಿ ಮಡಕೆಗೆ ತುಂಬಿದೆ. ಸಾರಿನ ಪುಡಿಗೆ ಮೆಣಸಿನಕಾಯಿ, ಧನಿಯ ಮನೆಯಲ್ಲೇ ಹುರಿದು ಮಿಲ್ಲಿನಲ್ಲಿ ಬೀಸಿಸಿದೆ. ಸೀನಿ ಸೀನಿ ಮಗಳು ಅವತ್ತು ನನ್ನ ಮೇಲೆ ಮುನಿಸಿಕೊಂಡಳು.

ಸಂತೆಗೆ ಬೆಳಿಗ್ಗೆ ಹೋಗುವ ಚಾಳಿ ಬಿಟ್ಟೆ. ವ್ಯಾಪಾರಿಗಳು ಟಾರ್ಪಾಲು ಮಡಚುವ ಹೊತ್ತಿಗೆ ಹೋಗತೊಡಗಿದೆ. ಬೆಳಿಗ್ಗೆ ಚೌಕಾಸಿ ಮಾಡಿದರೆ ಮುಖ ತಿರುಗಿಸುತ್ತಿದ್ದ ಸೊಪ್ಪಿನ ಹೆಂಗಸು ಆ ಹೊತ್ತಿನಲ್ಲಿ ತಾನೇ ಕೂಗಿ ಕರೆಯುತ್ತಿದ್ದಳು: "ಬಾರಕ್ಕ, ಉಳಿದಿರೋವೆಲ್ಲಾ ತಗಂಡೋಗು, ಮನೆಗೆ ಹೊತ್ಕಂಡು ಹೋಗಿ ಏನ್ ಮಾಡ್ಲಿ?" ಬಾಡಿದ್ದನ್ನು ಆರಿಸಿ ಹಸುವಿಗೆ, ಚೆನ್ನಾಗಿದ್ದದ್ದು ನಮಗೆ.

ಆದರೆ ಅಗ್ಗಕ್ಕೆ ತಂದರೆ ಸಾಲದು, ತಂದದ್ದು ಕೊಳೆಯದೆ ಹೊಟ್ಟೆ ಸೇರಬೇಕು. ಅಡುಗೆಮನೆಯಲ್ಲಿ ದುಡ್ಡು ಪೋಲಾಗುವುದು ಬೆಳಿಗ್ಗೆ ಒಲೆ ಮುಂದೆ ನಿಂತು "ಇವತ್ತೇನು ಸಾರು?" ಎಂದು ಯೋಚಿಸುವಾಗ. ಆಗ ಕೈಗೆ ಸಿಕ್ಕಿದ್ದನ್ನು ಸುರಿಯುತ್ತೇವೆ, ಇಲ್ಲದ್ದನ್ನು ಅಂಗಡಿಯಿಂದ ತರಿಸುತ್ತೇವೆ. ನಾನು ಹಿಂದಿನ ದಿನ ಸಂಜೆ ಕಾಳು ನೆನೆಹಾಕುವಾಗಲೇ ಮರುದಿನದ ಅಡುಗೆ ನಿಶ್ಚಯ ಮಾಡುತ್ತಿದ್ದೆ. ಸಂತೆಯ ಮಾರನೆಯ ದಿನ ಬಸ್ಸಾರು. ಸೊಪ್ಪು, ಕಾಳು ಒಟ್ಟಿಗೆ ಬೇಯಿಸಿ ಬಸಿದರೆ ನೀರು ಸಾರಾಯಿತು, ಉಳಿದದ್ದು ಪಲ್ಯವಾಯಿತು. ಆ ಸಾರು ಮರುದಿನಕ್ಕೆ ಇನ್ನೂ ರುಚಿ. ಅದರ ಮಾರನೆಯ ದಿನ ಮೊಳಕೆ ಹುರಳಿ, ಆಮೇಲೆ ಬೇಗ ಕೆಡದ ಕುಂಬಳ, ಆಲೂಗಡ್ಡೆ. ಅವರೆಕಾಯಿ ಅಗ್ಗವಾದಾಗ ಚೀಲಗಟ್ಟಲೆ ತಂದು ಸುಲಿದು, ಕಾಳು ಒಣಗಿಸಿ ಇಟ್ಟೆ.

ಹಾಲಿನ ದುಡ್ಡು ಉಳಿಯತೊಡಗಿತು. ಉಳಿದದ್ದನ್ನು ರಾಗಿ ಡಬ್ಬದ ಹಿಂದೆ ಇನ್ನೊಂದು ಡಬ್ಬದಲ್ಲಿ ಹಾಕುತ್ತಾ ನಾನು ಬೀಗುತ್ತಿದ್ದೆ. ಆದರೆ ಒಂದು ದಿನ ಅಟ್ಟ ಹತ್ತಿ ನೋಡಿದರೆ, ತಡಿಕೆಯ ಈಚೆಗಿನ ರಾಶಿ ಅರ್ಧಕ್ಕಿಂತ ಕೆಳಗಿಳಿದಿತ್ತು. ಯಾರೂ ಮಾರಿರಲಿಲ್ಲ. ಮತ್ತೆ ಕಾಯಿ ಏನಾಯಿತು? ಹೀಗೇ ಆದರೆ ಇನ್ನು ನಾಲ್ಕು ತಿಂಗಳಿಗೆ ತಡಿಕೆ ದಾಟಿ ಕೈ ಹಾಕಬೇಕಾಗುತ್ತಿತ್ತು.

ಉತ್ತರ ಸಿಕ್ಕಿದ್ದು ತಿಪಟೂರಿನ ತರಕಾರಿ ಅಂಗಡಿಯೊಂದರಲ್ಲಿ. ನನ್ನ ಮುಂದೆ ನಿಂತಿದ್ದ ಹೆಂಗಸು ಕಾಯಿಯ ಅರ್ಧ ಹೋಳನ್ನು ಬೆರಳಿನಿಂದ ತಟ್ಟಿ ನೋಡಿ, ದುಡ್ಡು ಕೊಟ್ಟು, ಜೋಪಾನವಾಗಿ ಚೀಲಕ್ಕೆ ಹಾಕಿಕೊಂಡಳು. ತಿಪಟೂರಿನಲ್ಲಿ ಕಾಯಿಯ ಹೋಳು ಮಾರುವುದೇ! ಆ ಅರ್ಧ ಹೋಳಿನ ಬೆಲೆ ಕೇಳಿ ನಾನು ಬಾಯಿ ಬಿಟ್ಟುಕೊಂಡು ನಿಂತೆ. ನಾನು ಅಂಗಡಿಯವನ ಹತ್ತಿರ ಒಂದು ಹಿಡಿ ಜೀರಿಗೆಗೆ ಜಗಳ ಆಡಿ ಬಂದವಳು, ಮನೆಯಲ್ಲಿ ಬೆಳಿಗ್ಗೆ ಚಟ್ನಿಗೊಂದು, ಮಧ್ಯಾಹ್ನ ಸಾರಿಗೊಂದು ಕಾಯಿ ತುರಿಯುತ್ತಿದ್ದೆ. ತೋಟದ ಕಾಯಿ, ಅದಕ್ಕೇನು ದುಡ್ಡು ಕೊಡಬೇಕೇ? ನಮ್ಮ ಸೀಮೆಯ ಹೆಂಗಸರೆಲ್ಲರ ಲೆಕ್ಕ ಇದೇ. ಅಂಗಡಿಯಿಂದ ಬಂದದ್ದು ಖರ್ಚು, ಅಟ್ಟದಿಂದ ಇಳಿದದ್ದು ಖರ್ಚಲ್ಲ. ನಮ್ಮ ಮನೆಯ ಅತಿ ದುಬಾರಿ ದಿನಸಿ ನಮ್ಮ ತಲೆಯ ಮೇಲೇ ಇತ್ತು, ಅದನ್ನೇ ನಾವು ನೀರಿನಂತೆ ಖರ್ಚು ಮಾಡುತ್ತಿದ್ದೆವು.

ಬಸ್ಸಿನಲ್ಲಿ ಬರುವಾಗಲೇ ಮನಸ್ಸು ಗಟ್ಟಿ ಮಾಡಿದೆ. ಇನ್ನು ಎರಡು ದಿನಕ್ಕೆ ಒಂದೇ ಕಾಯಿ. ಅದೂ ತೋಟದಲ್ಲಿ ಉದುರಿದ್ದು, ಸಿಡಿದದ್ದು ಸಿಕ್ಕಿದರೆ ಅದೇ. ಬೆಳಗಿನ ಚಟ್ನಿಗೆ ಹುರಿಗಡಲೆ, ಕಡಲೆಕಾಯಿ ಬೀಜ.

ಅತ್ತೆಗೆ ಇದು ಮೊದಲನೆಯ ತುತ್ತಿಗೇ ಗೊತ್ತಾಯಿತು. ಮುದ್ದೆ ನುಂಗಲು ಹಲ್ಲು ಬೇಡ, ಆದರೆ ಅದನ್ನು ಅದ್ದುವ ಸಾರು ಕಾಯಿ ಹಾಕಿ ಗಟ್ಟಿಯಾಗಿರಬೇಕು ಎನ್ನುವವರು ಅವರು. ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ಏನೇ ಇದು? ಸಾರೋ, ಕೈ ತೊಳ್ದ ನೀರೋ?"

"ಕಾಯಿ ಕಮ್ಮಿ ಮಾಡಿದೀನಿ ಅತ್ತೆ."

"ಬಾಯಲ್ಲಿ ಹಲ್ಲಿಲ್ಲ, ಇನ್ನು ಸಾರಲ್ಲಿ ಕಾಯೂ ಇಲ್ವಾ? ತಿಪಟೂರು ಸೀಮೇಲಿ ಕಾಯಿ ಎಣಿಸೋ ಸೊಸೆ ನೀನೊಬ್ಬಳೇ ಕಣೇ. ಹುಳಿಯಾರು ಕಡೆಯಿಂದ ಹೆಣ್ಣು ತಂದಾಗ್ಲೇ ಅಂದ್ಕಂಡಿದ್ದೆ."

"ನಿಮ್ಮ ಹಲ್ಲಿಗೋಸ್ಕರಾನೇ ಅತ್ತೆ ಇಷ್ಟೆಲ್ಲಾ."

"ನಂಗೆ ಹಲ್ಲೂ ಬ್ಯಾಡ, ಏನೂ ಬ್ಯಾಡ ಬುಡು. ಕಾಯಿ ಹಾಕಿ ಸಾರು ಮಾಡು."

ಅವರು ಉಣ್ಣದೆ ಎದ್ದರು. ನನಗೆ ಅಳುವೂ ಬಂತು, ಸಿಟ್ಟೂ ಬಂತು. ಯಾರಿಗಾಗಿ ಒದ್ದಾಡುತ್ತಿದ್ದೇನೋ ಅವರೇ ತಟ್ಟೆ ಸರಿಸಿದರೆ ಹೇಗಿರುತ್ತದೆ ಹೇಳಿ. ಮೂರು ಕಾಯಿ ತುರಿದು ಅವರ ಮುಂದೆ ಸುರಿದುಬಿಡಲೇ ಎನ್ನಿಸಿತು. ಸುರಿಯಲಿಲ್ಲ. ಅವರು ಹುಳಿಯಾರು ಎಂದದ್ದೇ ನನಗೆ ಉಪಕಾರವಾಯಿತು.

ನನ್ನ ತವರು ಹುಳಿಯಾರಿನ ಒಣ ಭೂಮಿ. ಅಲ್ಲಿ ಕಾಯಿ ಒಡೆದರೆ ಅವತ್ತು ಹಬ್ಬ ಎಂದೇ ಅರ್ಥ. ಹಾಗೆಂದು ನಮ್ಮಮ್ಮ ನೀರು ಸಾರು ಮಾಡುತ್ತಿದ್ದಳೇ? ಬೇಯಿಸಿದ ಹುರಳಿಕಾಳನ್ನೇ ಒಂದು ಹಿಡಿ ತೆಗೆದು, ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಜೊತೆ ನುಣ್ಣಗೆ ರುಬ್ಬಿ, ಕಾಳು ಬೆಂದ ನೀರಿನ ಕಟ್ಟಿನಲ್ಲಿ ಬೆರೆಸುತ್ತಿದ್ದಳು. ಚಮಚ ನಿಲ್ಲುವಷ್ಟು ಗಟ್ಟಿ. ಜೊತೆಗೆ ಹುಚ್ಚೆಳ್ಳು ಹುರಿದು ಕುಟ್ಟಿದ ಪುಡಿ. ಮಾರನೆಯ ದಿನ ನಾನೂ ಹಾಗೇ ಮಾಡಿದೆ. ಅತ್ತೆ ತುತ್ತು ಅದ್ದಿದರು, ನುಂಗಿದರು. ಸ್ವಲ್ಪ ಹೊತ್ತಿಗೆ ತಟ್ಟೆ ಮುಂದಕ್ಕೆ ಬಂತು. ಇನ್ನೊಂದು ಸೌಟು ಬಡಿಸಿದೆ. ಗೆದ್ದೆ ಎಂದು ಒಳಗೊಳಗೇ ಕುಣಿದರೂ ಮುಖ ಬಿಗಿದುಕೊಂಡೇ ಇದ್ದೆ.

ಬೇಸಿಗೆಯಲ್ಲಿ ತೋಟದ ಬೋರಿನ ಮೋಟರು ಸುಟ್ಟುಹೋಯಿತು. ಅದನ್ನು ಮೇಲೆತ್ತಿ ರಿಪೇರಿ ಮಾಡಿಸಲು ತಕ್ಷಣ ದುಡ್ಡು ಬೇಕು, ಗಿಡಗಳು ಕಾಯುವುದಿಲ್ಲ. ಯಜಮಾನರು ನನಗೆ ಒಂದು ಮಾತೂ ಹೇಳದೆ ಕಾಯಿ ವ್ಯಾಪಾರಿಗೆ ಫೋನು ಮಾಡಿದರು. ನಾನು ಹಾಲು ಹಾಕಿ ಬರುವಷ್ಟರಲ್ಲಿ ಅಂಗಳದಲ್ಲಿ ಟೆಂಪೋ ನಿಂತಿತ್ತು. ತಡಿಕೆ ಈಚೆಗೆ ಮಾರುವಷ್ಟು ಕಾಯಿ ಇರಲಿಲ್ಲ. ಅವರು ಬಂದದ್ದು ಆಚೆಗಿನ ರಾಶಿಗೇ.

ಕ್ಯಾನು ಅಲ್ಲೇ ಇಟ್ಟು ಕೊಟ್ಟಿಗೆಗೆ ಓಡಿದೆ. ಅಟ್ಟದ ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಅತ್ತೆ ಕುಳಿತಿದ್ದರು, ಎರಡೂ ಕೈಯಲ್ಲಿ ಏಣಿಯ ಗಳು ಹಿಡಿದುಕೊಂಡು. ಎದುರಿಗೆ ಯಜಮಾನರು, ಅವರ ಹಿಂದೆ ಚೀಲ ಹಿಡಿದ ವ್ಯಾಪಾರಿ.

"ಅವ್ವ, ಏಳವ್ವ. ಮುಂದಿನ ವರ್ಷ ಕಟ್ಟುಸ್ತೀನಿ ಹಲ್ಲು."

"ಮುಂದಿನ ವರ್ಷ, ಮುಂದಿನ ವರ್ಷ ಅಂತ ಇದ್ದ ಎರಡು ಹಲ್ಲೂ ಹೋದ್ವು ಕಣ್ಲಾ. ಅವ್ಳು ವರ್ಷೆಲ್ಲಾ ಹುರಳಿ ಕಟ್ಟು ಉಣ್ಸವ್ಳೆ ನಂಗೆ. ಸುಮ್ನೆ ಉಂಡಿದೀನಾ ನಾನು? ಹತ್ತದಾದ್ರೆ ನನ್ನ ತುಳ್ಕಂಡು ಹತ್ತು."

ಹಲ್ಲೇ ಬೇಡ ಎಂದು ತಟ್ಟೆ ಸರಿಸಿದ ಬಾಯಿ ಅದು! ನಾನು ಒಳಗೆ ಹೋಗಿ ರಾಗಿ ಡಬ್ಬದ ಹಿಂದಿನ ಡಬ್ಬ ತಂದು ಯಜಮಾನರ ಕೈಗೆ ಕೊಟ್ಟೆ. "ಮೋಟರಿಗೆ ಪೂರ್ತಿ ಆಗಲ್ಲ, ಮುಕ್ಕಾಲು ಆಗ್ತದೆ. ಮಿಕ್ಕಿದ್ದು ನೀವು ನೋಡ್ಕಳಿ" ಎಂದೆ. ಅವರು ಮುಚ್ಚಳ ತೆಗೆದು ನೋಟುಗಳನ್ನು ಎರಡೆರಡು ಸಲ ಎಣಿಸಿದರು. ಕೊನೆಗೆ, "ಇಷ್ಟೂ ಸೊಪ್ಪು ಸದೆಯಲ್ಲಿ ಉಳಿಸಿದ್ದಾ?" ಎಂದರು. ವ್ಯಾಪಾರಿ ನಗುತ್ತಾ ಕಾಫಿ ಕುಡಿದು ಖಾಲಿ ಟೆಂಪೋ ಓಡಿಸಿಕೊಂಡು ಹೋದ. ದಿನಾ ಬೆಳಿಗ್ಗೆ ಕಾಯಿ ಚಟ್ನಿ ಎಲ್ಲಿ ಎನ್ನುತ್ತಿದ್ದ ಯಜಮಾನರು ಆ ದಿನದಿಂದ ಅದನ್ನು ಕೇಳಿದ್ದನ್ನು ನಾನು ಕಾಣೆ.

ಕೊಬ್ಬರಿ ಆಯಿತು. ಸುಲಿಯುವವರು ಬರುವ ಮುಂಚೆ ಅತ್ತೆ ಒಂದೊಂದೇ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಲೊಡಲೊಡ ಸದ್ದು ಕೇಳಿ ತಲೆಯಾಡಿಸುತ್ತಿದ್ದರು. ಮಾರುಕಟ್ಟೆಯಲ್ಲಿ ಒಳ್ಳೆ ಬೆಲೆ ಸಿಕ್ಕಿತು. ಮೇಲೆ ಕೆಳಗೆ ಎರಡೂ ಸೆಟ್ಟು ಹಲ್ಲು ಬಂದವು. ಅತ್ತೆ ಕನ್ನಡಿ ನೋಡಿಕೊಂಡು, "ಯಾರ್ದೋ ಬಾಯಿ ತಂದು ಇಕ್ಕವ್ರಲ್ಲೇ" ಎಂದು ಗೊಣಗಿದರು. ಒಸಡು ಒಗ್ಗುವ ತನಕ ಗಟ್ಟಿ ಪದಾರ್ಥ ಕಚ್ಚಬೇಡಿ ಎಂದು ಡಾಕ್ಟರು ಹೇಳಿದ್ದನ್ನು ಬಹಳ ಬೇಸರದಿಂದ ಪಾಲಿಸಿದರು.

ಒಂದು ಬೆಳಿಗ್ಗೆ ಅವರೇ ಅಡುಗೆಮನೆ ಬಾಗಿಲಿಗೆ ಬಂದು ಕುಳಿತರು. ಕೇಳದಿದ್ದರೂ ನನಗೆ ಅರ್ಥವಾಯಿತು. ಇನ್ನೂ ಮಾರದೆ ಇಟ್ಟಿದ್ದ ಚೀಲದಿಂದ ಒಂದು ದುಂಡನೆ ಉಂಡೆ ಆರಿಸಿ, ಕತ್ತರಿಸಲು ಈಳಿಗೆಮಣೆ ಮುಂದೆ ಕುಳಿತೆ.

"ಲೇ, ಲೇ, ಬ್ಯಾಡ ಕಣೇ! ಇಡೀ ಉಂಡೆ ಯಾಕೆ ಹೆಚ್ತೀಯಾ? ಅದರ ರೇಟೇನು ಗೊತ್ತಾ ಈಗ? ಒಡೆದಿರೋ ಚೂರಿದ್ರೆ ಕೊಡು" ಎಂದರು.

ನಾನು ನಕ್ಕುಬಿಟ್ಟೆ. ಉಂಡೆ ಒಳಗಿಟ್ಟು, ಒಡೆದ ಚೂರೊಂದನ್ನು ಹುಡುಕಿ, ತೆಳ್ಳಗೆ ಹೆಚ್ಚಿ, ಬೆಲ್ಲದ ಜೊತೆ ಕೊಟ್ಟೆ. ಅವರು ಬಾಯಿಗೆ ಹಾಕಿಕೊಂಡರು. ಹೆದರುತ್ತಾ ಅದನ್ನು ನಾಲಿಗೆಯಿಂದ ದವಡೆಗೆ ಸರಿಸಿಕೊಂಡರು. ಆಮೇಲೆ ಕಟಂ ಎಂದು ಸದ್ದಾಯಿತು. ಮತ್ತೊಮ್ಮೆ ಆಯಿತು. ಅಗಿಯುತ್ತಾ ಅಗಿಯುತ್ತಾ ಅವರ ಕಣ್ಣಲ್ಲಿ ನೀರು ತುಂಬಿತು, ನೋಡುತ್ತಾ ನನಗೂ ತುಂಬಿತು. ಹಸು ಕೊಟ್ಟಿಗೆಯಿಂದ ಕೂಗಿತು. ಅವತ್ತು ಅದಕ್ಕೆ ಏನೂ ಸಿಗಲಿಲ್ಲ.

ಅತ್ತೆ ತಟ್ಟೆಯಲ್ಲಿ ಉಳಿದಿದ್ದ ಹೋಳುಗಳನ್ನು ನನ್ನ ಕಡೆ ತಳ್ಳಿದರು. ನಾನು ಬೇಡ, ನೀವು ತಿನ್ನಿ ಎಂದೆ.

"ತಿನ್ನೇ ಸುಮ್ನೆ" ಎಂದರು. "ಇವತ್ತೊಂದಿನ ಲೆಕ್ಕ ಹಾಕಬ್ಯಾಡ."